ಎರಡು ಎಂಜಿನ್ನಿಗೆ ನಾನು ಮಾಡಿದ ಚೌಕಾಸಿ

ನನ್ನ ಬಾಮೈದನಿಗೆ ಎರಡು ಎಂಜಿನ್ನಿನ ವಿಮಾನ ಓಡಿಸುವುದನ್ನು ಕಲಿಸಲು ಶಿಡ್ಲಘಟ್ಟದಲ್ಲಿ ನನ್ನದೊಂದು ಸೈಟು ಹೋಯಿತು. ದಿಬ್ಬೂರಹಳ್ಳಿ ರಸ್ತೆಗೆ ಮುಖ ಮಾಡಿದ್ದ, ಮೂವತ್ತು ನಲವತ್ತರ ಒಳ್ಳೆಯ ಸೈಟು. ಅದರ ಹಿಂದೆಯೇ ನಮ್ಮತ್ತೆಯ ಕಾಸಿನ ಸರವೂ ಹೋಯಿತು. ನಿಜ ಹೇಳಬೇಕೆಂದರೆ ಅರ್ಧ ಸೈಟಿಗೆ ಮುಗಿಯಬೇಕಾಗಿದ್ದ ಕೆಲಸ ಅದು. ಉಳಿದದ್ದು ನನ್ನ ಬುದ್ಧಿವಂತಿಕೆಗೆ ನಾನೇ ತೆತ್ತ ಬೆಲೆ.

ಯಾಕೆ ಕಲಿಸಬೇಕಾಯಿತು ಅಂದರೆ, ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕಲಿತು ತಂದ ಲೈಸೆನ್ಸಿಗೆ ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕಬಹುದೇ ಹೊರತು ಅದರಿಂದ ಸಂಬಳ ಹುಟ್ಟುವುದಿಲ್ಲ. ಇದು ನಮಗೆ ಮೊದಲು ಗೊತ್ತಿರಲಿಲ್ಲ. ಅವನು ಆ ಲೈಸೆನ್ಸು ತಂದ ದಿನ ಚಿಂತಾಮಣಿಯಲ್ಲಿ ನಮ್ಮ ಮಾವನವರು ಇಡೀ ಬೀದಿಗೆ ಮೈಸೂರುಪಾಕು ಹಂಚಿದರು. ಅವರು ನಿವೃತ್ತ ಹೆಡ್‌ಮಾಸ್ಟರು. ಮಗನ ಹೆಸರಿನ ಮುಂದೆ ಪೈಲಟ್ ಎಂದು ಹಾಕಿಸಿ ಕಾರ್ಡು ಅಚ್ಚು ಮಾಡಿಸಿದ್ದರು. ಮದುವೆಮನೆ, ಬ್ಯಾಂಕು, ಕ್ಷೌರದಂಗಡಿ ಎಲ್ಲೆಲ್ಲೂ ಕೊಟ್ಟರು. ಪೈಲಟ್ಟು ಮಾತ್ರ ಮನೆಯಲ್ಲೇ ಇದ್ದ. ಬೆಳಿಗ್ಗೆ ಎಂಟಕ್ಕೆ ಎದ್ದು, ಕಪ್ಪು ಕನ್ನಡಕ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಪೇಪರು ತರುತ್ತಿದ್ದ. ಒಂದೂವರೆ ವರ್ಷ ಅವನ ಒಟ್ಟು ಹಾರಾಟ ಅಷ್ಟೇ. ಯಾವ ಕಂಪನಿಗೆ ಬರೆದರೂ ಅವರದು ಒಂದೇ ಪ್ರಶ್ನೆ: ಎರಡು ಎಂಜಿನ್ನಿನದರಲ್ಲಿ ಹಾರಿದ್ದೀಯಾ?

ತೊಂಬತ್ತರ ದಶಕ ಶುರುವಾಗಿ ಕೆಲವು ವರ್ಷ ಕಳೆದಿದ್ದ ಕಾಲ. ಖಾಸಗಿಯವರು ಹೊಸದಾಗಿ ವಿಮಾನದ ಕಂಪನಿ ತೆಗೆಯುತ್ತಿದ್ದರು. ಅಂಥದೊಂದು ಕಂಪನಿಯಿಂದ ಕಾಗದ ಬಂತು. ಟರ್ಬೊಪ್ರಾಪ್ ವಿಮಾನದಲ್ಲಿ ಕಲಿತು, ಮೂರು ತಿಂಗಳೊಳಗೆ ಎರಡು ಎಂಜಿನ್ನಿನ ಪರೀಕ್ಷೆ ಪಾಸು ಮಾಡಿ ಬಂದರೆ ಕೆಲಸ. ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಟರ್ಬೊಪ್ರಾಪ್ ಅಂದರೆ ಹೊಟ್ಟೆಯೊಳಗೆ ಜೆಟ್ಟಿನ ಹಾಗೆ ಸೀಮೆಎಣ್ಣೆ ಉರಿಯುತ್ತದೆ, ಮೂಗಿನಲ್ಲಿ ಫ್ಯಾನು ತಿರುಗುತ್ತದೆ. ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ವ್ಯಾಪಾರಕ್ಕೆ ಇಷ್ಟು ಸಾಕು ಅಂದುಕೊಂಡೆ.

ಆಗ ನನ್ನ ನೆನಪಾಯಿತು ಅವರಿಗೆ. ನಾನು ತರಕಾರಿ ಅಂಗಡಿಯಲ್ಲಿ ಕೊತ್ತಂಬರಿಗೆ ಚೌಕಾಸಿ ಮಾಡುತ್ತೇನೆಂದು ಹತ್ತು ವರ್ಷ ಬೆನ್ನ ಹಿಂದೆ ನಕ್ಕಿದ್ದ ಮನೆತನ ಅದು. ಗೌರವಸ್ಥರಿಗೆ ಬಾಯಿಬಿಟ್ಟು ಬೆಲೆ ಇಳಿಸಿ ಅನ್ನಲು ಬರುವುದಿಲ್ಲ. ಅದಕ್ಕೆಂದೇ ನನ್ನಂಥ ಒಬ್ಬ ಅಳಿಯನನ್ನು ಇಟ್ಟುಕೊಂಡಿರುತ್ತಾರೆ. ನಾನು ಸೈಕಲ್ಲಿನ ಮೇಲೆ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಮಾರಿದವನು. ಆಮೇಲೆ ಒಂದು ಚರಕ ಹಾಕಿ ರೇಷ್ಮೆ ಬಿಚ್ಚಿಸಿದೆ, ಆಮೇಲೆ ಬಾಯ್ಲರು ಕೂರಿಸಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರಾಶಿಯ ಮೇಲ್ಗಡೆಯ ಗೂಡು ನೋಡಿ ಬೆಲೆ ಕೂಗುವ ಹುಂಬರನ್ನು ನೋಡಿದ್ದೇನೆ. ನಾನು ಕೈಯನ್ನು ಮೊಣಕೈವರೆಗೆ ರಾಶಿಯೊಳಗಿಟ್ಟು ತಳದ ಗೂಡು ತೆಗೆಯುವವನು. ನನಗೆ ಮೋಸ ಮಾಡಿದವರು ಮಾರುಕಟ್ಟೆಯಲ್ಲಿ ಯಾರೂ ಇರಲಿಲ್ಲ.

ಕಲಿಸುವವರೆಂದು ಗೊತ್ತಾದದ್ದು ಒಂದು ಬಾಡಿಗೆ ವಿಮಾನದ ಕಂಪನಿ. ದೊಡ್ಡ ಮನುಷ್ಯರನ್ನು ಅಲ್ಲಿ ಇಲ್ಲಿ ಹೊತ್ತೊಯ್ಯಲು ಎಂಟು ಸೀಟಿನ, ಎರಡು ಎಂಜಿನ್ನಿನ ಟರ್ಬೊಪ್ರಾಪ್ ಒಂದನ್ನು ಇಟ್ಟುಕೊಂಡಿದ್ದರು; ಬಾಡಿಗೆ ಇಲ್ಲದ ದಿನ ಅದರಲ್ಲೇ ಪಾಠ. ಊರಿನ ಹೆಸರು ಬೇಡ. ಮಾವನವರೂ ಪಂಚೆಯ ಮೇಲೆ ಕೋಟು ಹಾಕಿಕೊಂಡು ಬಂದರು. ಮ್ಯಾನೇಜರು ಟೈ ಕಟ್ಟಿದವನು. ಬೇಸಿಗೆಯಲ್ಲಿ ಆ ಟೈ ಅವನ ಕತ್ತಿನಲ್ಲಿ ಒದ್ದೆಯಾಗಿ ಅಂಟಿಕೊಂಡಿತ್ತು. ನಮ್ಮನ್ನು ವಿಮಾನದೊಳಗೆ ಹತ್ತಿಸಿ ಮೊದಲು ತೋರಿಸಿದ್ದು ಹಿಂದಿನ ಚರ್ಮದ ಸೀಟು, ಲೋಟ ಇಡುವ ಜಾಗ, ಮಡಚುವ ಮೇಜು. ಕಲಿಯುವವನು ಕೂರುವುದು ಮುಂದೆ, ಆದರೆ ಮಾವನವರು ಹಿಂದಿನ ಸೀಟು ಸವರಿ ಸವರಿ ಒಪ್ಪಿಗೆ ಕೊಟ್ಟುಬಿಟ್ಟರು. ಹೆಡ್‌ಮಾಸ್ಟರು ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು.

ಗಂಟೆಗೆ ಇಷ್ಟು ಅಂದ ಮ್ಯಾನೇಜರು. ಅವನು ಹೇಳಿದ್ದು ಕೇಳಿ ನನಗೆ ಒಂದು ಲಾರಿ ಗೂಡು ಕಣ್ಣ ಮುಂದೆ ಬಂತು. ಪಾಠದ ಪಟ್ಟಿ ತೆಗೆಸಿ ಬಾಮೈದನ ಕೈಲಿ ಓದಿಸಿದೆ. ಅರ್ಧಕ್ಕರ್ಧ ಪಾಠ ಒಂದೇ ವಿಷಯದ್ದು: ಒಂದು ಎಂಜಿನ್ನು ನಿಂತುಹೋದರೆ ಇನ್ನೊಂದರಲ್ಲಿ ಹೇಗೆ ಸಂಭಾಳಿಸುವುದು. ಅಲ್ಲಿ ನನಗೆ ದಾರಿ ಸಿಕ್ಕಿತು.

"ಸ್ವಾಮಿ, ಈ ಪಾಠದಲ್ಲಿ ಓಡೋದು ಒಂದೇ ಎಂಜಿನ್ನು ತಾನೆ?" ಅಂದೆ.

"ಹೌದು."

"ಮತ್ತೆ ಎರಡಕ್ಕೂ ಯಾಕೆ ದುಡ್ಡು ಕೊಡ್ಬೇಕು? ಓಡ್ದೇ ಇರೋದಕ್ಕೆ ಎಣ್ಣೆನೂ ಇಲ್ಲ, ಸವೆತಾನೂ ಇಲ್ಲ. ಆ ಗಂಟೆಗಳಿಗೆ ಅರ್ಧ ಹಾಕ್ಕೊಳ್ಳಿ."

ಮಾವನವರು ತಲೆ ತಗ್ಗಿಸಿದರು. ಬಾಮೈದ ಕಿಟಕಿಯ ಕಡೆ ತಿರುಗಿದ. ಮ್ಯಾನೇಜರು ಮೊದಲು ನಕ್ಕ. ಉಳಿದ ಎಂಜಿನ್ನು ಎರಡರ ದುಡಿಮೆ ಮಾಡಬೇಕಾಗುತ್ತದೆ, ಹಾಗೆಲ್ಲ ಲೆಕ್ಕ ಬರುವುದಿಲ್ಲ ಎಂದು ಇಂಗ್ಲಿಷು ಬೆರೆಸಿ ವಿವರಿಸಿದ. ನಾನು ಎದ್ದು ಚಪ್ಪಲಿ ಹಾಕಿಕೊಂಡೆ. ಮಾರುಕಟ್ಟೆಯಲ್ಲಿ ಎದ್ದವನನ್ನು ಬಾಗಿಲ ತನಕ ಬಿಡುತ್ತಾರೆ, ಆಮೇಲೆ ಕರೆಯುತ್ತಾರೆ. ಇವನೂ ಕರೆದ. ಕಾಗದದ ಮೇಲೆ ಏನೋ ಗೀಚಿಕೊಂಡು, ಒಂಟಿ ಎಂಜಿನ್ನಿನ ಗಂಟೆಗಳಿಗೆ ಮೂರನೇ ಒಂದು ಭಾಗ ಬಿಡುತ್ತೇನೆ, ಗಂಟೆಯಲ್ಲಿ ಒಂದು ನಿಮಿಷವೂ ಕಡಿಮೆ ಮಾಡುವುದಿಲ್ಲ ಎಂದು ಬರೆದು ಕೊಟ್ಟ. ಇಷ್ಟು ಸುಲಭವಾಗಿ ಯಾಕೆ ಬಿಟ್ಟ ಎಂದು ನಾನು ಯೋಚಿಸಬೇಕಾಗಿತ್ತು. ಸುಲಭವಾಗಿ ಬೆಲೆ ಇಳಿಸುವವನ ಗೂಡಿನಲ್ಲಿ ಹುಳ ಸತ್ತಿರುತ್ತದೆ ಎಂದು ನನಗೇ ಗೊತ್ತು. ಗೆದ್ದ ಖುಷಿಯಲ್ಲಿ ಅದು ತಲೆಗೆ ಬರಲಿಲ್ಲ. ಶಿಡ್ಲಘಟ್ಟಕ್ಕೆ ಬಂದು ಟೀ ಅಂಗಡಿಯಲ್ಲಿ ಒಂದು ವಾರ ಅದೇ ಕಥೆ ಹೇಳಿದೆ. ವಿಮಾನಕ್ಕೂ ಚೌಕಾಸಿ ಮಾಡಿದ ಗಂಡು ಎಂದು ನನ್ನನ್ನು ಹೊಗಳಿದವರಲ್ಲಿ ಒಬ್ಬನೂ ವಿಮಾನವನ್ನು ಹತ್ತಿರದಿಂದ ನೋಡಿದವನಲ್ಲ.

ಪಾಠ ಹನ್ನೊಂದು ದಿನ ನಡೆಯಿತು. ಹುಡುಗ ತಿರುಗಿ ಬಂದ. ಪರೀಕ್ಷೆಗೆ ಇನ್ನು ಮೂರು ವಾರ. ಅವನು ಕಪ್ಪು ಕನ್ನಡಕ ಹಾಕುವುದನ್ನು ಬಿಟ್ಟಿದ್ದ; ಅದನ್ನು ನಾನು ಸುಧಾರಣೆ ಎಂದುಕೊಂಡೆ. ಒಂದು ಮಧ್ಯಾಹ್ನ ನನ್ನ ನೂಲು ಬಿಚ್ಚಾಣಿಕೆ ಶೆಡ್ಡಿಗೆ ಬಂದು ಬಾಯ್ಲರಿನ ಪಕ್ಕ ಕೂತ. ಅಲ್ಲಿ ಸತ್ತ ಹುಳದ ವಾಸನೆಗೆ ನಮ್ಮ ಮಾವನ ಮನೆಯವರು ಯಾರೂ ಐದು ನಿಮಿಷ ನಿಲ್ಲುವವರಲ್ಲ.

"ಭಾವ, ನೆಲದ ಹತ್ರ ಒಂದು ಸಲಾನೂ ಅವರು ಎಂಜಿನ್ ನಿಲ್ಸಿ ತೋರಿಸಲಿಲ್ಲ," ಅಂದ.

"ಒಂಟಿ ಎಂಜಿನ್ ಗಂಟೆ ಪೂರ್ತಿ ಕೊಟ್ರೋ ಇಲ್ವೋ?"

"ಕೊಟ್ರು. ಎಲ್ಲಾ ಮೇಲೆ, ತುಂಬಾ ಎತ್ತರದಲ್ಲಿ."

ಎತ್ತರದಲ್ಲೇ ತಾನೆ ವಿಮಾನ ಇರುವುದು ಎಂದು ನಾನು ರೇಗಿದೆ. ಪಕ್ಕದ ಶೆಡ್ಡಿನ ರೀಲರು ಗೋಡೆಯಾಚೆಯಿಂದ ಕೇಳಿಸಿಕೊಂಡು ಬಂದರು. ಅವರ ಹೆಂಡತಿಯ ಚಿಕ್ಕಪ್ಪ ಮಿಲಿಟರಿಯಲ್ಲಿದ್ದಾಗ ಇಂಥದೇ ಎರಡು ಫ್ಯಾನಿನ ವಿಮಾನಗಳಲ್ಲಿ ಹುಡುಗರಿಗೆ ಕಲಿಸುತ್ತಿದ್ದರಂತೆ, ನಿವೃತ್ತರಾಗಿ ಅಲೀಪುರದ ಮನೆಯಲ್ಲೇ ಇದ್ದಾರಂತೆ. ಒಂದು ಮಾತು ಕೇಳಿ ಬನ್ನಿ ಎಂದರು. ಬಿಟ್ಟಿ ಸಲಹೆ ಎಂದ ಮೇಲೆ ನಾನು ಹೋಗದೆ ಇರುವವನಲ್ಲ. ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಚಿಕ್ಕಬಳ್ಳಾಪುರದ ಮೇಲೆ ಅಲೀಪುರಕ್ಕೆ ಹೋದೆವು.

ಸಾಹೇಬರು ಪಡಸಾಲೆಯಲ್ಲಿ ಒಂದು ಟೇಬಲ್ ಫ್ಯಾನು ಬಿಚ್ಚಿಕೊಂಡು ಕೂತಿದ್ದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಪೈಜಾಮ. ನಮ್ಮನ್ನು ನೋಡಿ ಎದ್ದೇನೂ ನಿಲ್ಲಲಿಲ್ಲ. ಎಷ್ಟು ಗಂಟೆ ಹಾರಿದ್ದಾನೆ ಎಂದು ನಾನು ಹೇಳಲು ಹೋದರೆ ಕೈ ಎತ್ತಿ ತಡೆದರು. ಒಂದು ಮರದ ಕುರ್ಚಿ ತಂದು ಬಾಮೈದನನ್ನು ಕೂರಿಸಿ, ಪಾದದ ಹತ್ತಿರ ಎರಡು ಇಟ್ಟಿಗೆ ಇಟ್ಟರು. ಇವು ನಿನ್ನ ಪೆಡಲು. ತೊಡೆಯ ಪಕ್ಕ ಸ್ಟೂಲಿನ ಮೇಲೆ ಎರಡು ಸೌಟು ಇಟ್ಟರು. ಇವು ಎರಡು ಎಂಜಿನ್ನಿನ ಹಿಡಿಗಳು. ಈಗ ನೆಲ ಬಿಟ್ಟಿದ್ದೀಯ, ಮನೆಯ ಮಾಡಿನಷ್ಟು ಎತ್ತರದಲ್ಲಿದ್ದೀಯ ಎಂದರು. ನಾನು ನಗು ತಡೆದುಕೊಂಡೆ. ಚರ್ಮದ ಸೀಟಿನಿಂದ ಸೌಟಿಗೆ ಬಂತಲ್ಲ ವಿದ್ಯೆ ಎಂದುಕೊಂಡೆ.

ಸಾಹೇಬರು ಏನೂ ಹೇಳದೆ ಕುರ್ಚಿಯ ಬೆನ್ನು ಹಿಡಿದು ಗಕ್ಕನೆ ಎಡಕ್ಕೆ ತಿರುಗಿಸಿದರು. ಹುಡುಗ ಗಾಬರಿಯಾಗಿ ಎಡಗಾಲು ಒತ್ತಿದ, ಬಲಗಡೆಯ ಸೌಟು ಎಳೆದ.

ಸಾಹೇಬರು ಕುರ್ಚಿ ಬಿಟ್ಟರು. "ಒಂದು ಎಂಜಿನ್ನು ತಾನಾಗೇ ಹೋಗಿತ್ತು. ಚೆನ್ನಾಗಿದ್ದ ಇನ್ನೊಂದನ್ನ ನೀನೇ ಆರಿಸ್ದೆ. ಈಗ ಎರಡೂ ಇಲ್ಲ. ಹಿಂದೆ ಎಷ್ಟು ಜನ ಕೂತಿದ್ರು?"

ಸಾಹೇಬರು ನನ್ನ ಕಡೆ ತಿರುಗಿ, ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಎಡ ಎಂಜಿನ್ನು ನಿಂತರೆ ವಿಮಾನದ ಮೂಗು ಎಡಕ್ಕೆ ಎಳೆಯುತ್ತದೆ. ಬಲಗಾಲು ಒತ್ತಿ ನೇರ ಮಾಡಬೇಕು. ನಿಂತ ಎಂಜಿನ್ನಿನ ಫ್ಯಾನಿನ ರೆಕ್ಕೆಗಳನ್ನು ಗಾಳಿಗೆ ಅಡ್ಡವಾಗದಂತೆ ಅಂಚು ಮಾಡಿ ನಿಲ್ಲಿಸಬೇಕು, ಇಲ್ಲದಿದ್ದರೆ ಅದು ಬಾಗಿಲ ಹಲಗೆಯ ಹಾಗೆ ವಿಮಾನವನ್ನು ತಡೆದು ಹಿಡಿಯುತ್ತದೆ. ಮೇಲೆ, ಎತ್ತರದಲ್ಲಿ, ಇದನ್ನೆಲ್ಲ ಕಾಫಿ ಕುಡಿದುಕೊಂಡು ಮಾಡಬಹುದು. ತಪ್ಪಾದರೆ ತಿದ್ದಿಕೊಳ್ಳಲು ಜಾಗವಿದೆ. ನೆಲ ಬಿಟ್ಟ ಕೂಡಲೇ ಆದರೆ ಎಣಿಸುವಷ್ಟು ಹೊತ್ತೂ ಇಲ್ಲ. ಅದಕ್ಕೇ ಪಕ್ಕದಲ್ಲಿ ಕೂತ ಮೇಷ್ಟ್ರು ಏರುವಾಗಲೇ ಹಿಡಿಯನ್ನು ಹಿಂದಕ್ಕೆಳೆದು ಎಂಜಿನ್ನು ನಿಂತಂತೆ ಮಾಡಬೇಕು, ಮತ್ತೆ ಇಳಿಸಿ ಮತ್ತೆ ಏರಿಸಿ ಕಾಲಿಗೆ ಅಭ್ಯಾಸ ಮಾಡಿಸಬೇಕು.

ಆಮೇಲೆ ಹಾರಾಟದ ಪುಸ್ತಕ ತೆಗೆಸಿದರು. ಗಂಟೆಯ ಸಾಲು ನೋಡಲೇ ಇಲ್ಲ. ಬೆರಳಿಟ್ಟು ಬೇರೊಂದು ಸಾಲು ಎಣಿಸಿದರು. ಹನ್ನೊಂದು ದಿನ, ಹನ್ನೊಂದೇ ಸಲ ನೆಲ ಬಿಟ್ಟಿದೆ.

"ದರ ಮಾತಾಡಿದ್ದು ಯಾರು?" ಎಂದು ಕೇಳಿದರು.

"ನಾನೇ ಸಾಹೇಬ್ರೆ."

"ಗಂಟೆಗೆ ಮಾತಾಡಿದ್ರಾ?"

ನಾನು ತಲೆಯಾಡಿಸಿದೆ. ಅವರು ಮತ್ತೆ ಫ್ಯಾನಿನ ಕೆಲಸಕ್ಕೆ ಕೂತು, ಸ್ಕ್ರೂ ಹುಡುಕುತ್ತಲೇ ಹೇಳಿದರು. "ಈ ಎಂಜಿನ್ನಿನ ಆಯುಸ್ಸು ಬರೀ ಗಂಟೆ ಮೇಲೆ ಇಲ್ಲ. ಎಷ್ಟು ಸಲ ಕಾಯ್ತು, ಎಷ್ಟು ಸಲ ಆರ್ತು, ಅದರ ಮೇಲೂ ಇದೆ. ಇಳಿಸಿ ಏರಿಸಿದಷ್ಟೂ ಯಜಮಾನನಿಗೆ ನಷ್ಟ. ನೀವು ಬೆಲೆ ಇಳಿಸಿದ್ರಿ, ಅವನು ಎತ್ತರ ಏರಿಸ್ದ. ಅಷ್ಟೇ ಆಗಿರೋದು."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ದಿನಾ ಆರಿಸಿ ದಿನಾ ಉರಿಸುವ ಬಾಯ್ಲರು ಬೇಗ ಬಿರುಕು ಬಿಡುತ್ತದೆಂದು ಗೊತ್ತಿದ್ದವನು ನಾನು. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದು. ನಮ್ಮ ಕಸುಬಿನಲ್ಲಿ ರೆಂಡಿಟ್ಟ ಅಂತ ಒಂದು ಮಾತಿದೆ: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಅನ್ನುವ ಲೆಕ್ಕ. ಗೂಡಿನ ತೂಕ ಯಾರಿಗೆ ಬೇಕು, ನೂಲು ಎಷ್ಟು ಬಿಚ್ಚುತ್ತದೆ ಅನ್ನುವುದೇ ಮುಖ್ಯ. ಬಿಚ್ಚಾಣಿಕೆಗೆ ನಿನ್ನೆ ಸೇರಿದ ಹೆಂಗಸಿಗೂ ಇದು ಗೊತ್ತು. ನಾನು ಇಪ್ಪತ್ತು ವರ್ಷ ಇದೇ ಲೆಕ್ಕದಲ್ಲಿ ಅನ್ನ ತಿಂದು, ವಿಮಾನದ ಹತ್ತಿರ ಹೋದ ಕೂಡಲೇ ಗೂಡಿನ ತೂಕ ಕೊಂಡು ಬಂದಿದ್ದೆ.

ಮಾರನೆಯ ದಿನವೇ ಮ್ಯಾನೇಜರ ಹತ್ತಿರ ಹೋಗಿ ಜಗಳ ತೆಗೆದೆ. ಅವನು ತಾನೇ ಬರೆದುಕೊಟ್ಟ ಕಾಗದ ಮುಂದಿಟ್ಟ. ಗಂಟೆಯಲ್ಲಿ ಒಂದು ನಿಮಿಷ ಕಡಿಮೆ ಇದ್ದರೆ ತೋರಿಸಿ ಅಂದ. ಇರಲಿಲ್ಲ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ, ಪರೀಕ್ಷೆ ತೆಗೆದುಕೊಳ್ಳುವವರು ನಮಗೆ ಬೇಕಾದವರೇ, ಅವರೂ ಎತ್ತರದಲ್ಲೇ ನೋಡಿ ಸಹಿ ಹಾಕುತ್ತಾರೆ, ಇದೇ ಪಾಠ ಕಲಿತ ಹುಡುಗರು ಈಗಾಗಲೇ ಕೆಲಸದಲ್ಲಿದ್ದಾರೆ, ನೀವು ಚಿಂತೆ ಬಿಡಿ ಅಂದ. ಆ ಟೈ ಕಟ್ಟಿದವನ ಮುಖ ಈಗಲೂ ಕಣ್ಣ ಮುಂದಿದೆ. ನಮ್ಮ ಮಾರುಕಟ್ಟೆಯಲ್ಲಿ ಹಸಿ ಗೂಡಿಗೆ ನೀರು ಚಿಮುಕಿಸಿ ತೂಕ ಏರಿಸುವ ದಳ್ಳಾಳಿಗಳಿದ್ದಾರೆ. ಅವರಿಂದ ಯಾರೂ ಸಾಯುವುದಿಲ್ಲ. ಇವನಿಗೆ ಹೋಲಿಸಿದರೆ ಅವರು ಮರ್ಯಾದಸ್ಥರು.

ಆದರೂ ನಿಜ ಬರೆಯುತ್ತೇನೆ: ಬಸ್ಸಿನಲ್ಲಿ ಬರುವಾಗ ನನ್ನ ಮನಸ್ಸು ಆ ಮಾತಿಗೆ ಅರ್ಧ ಒಪ್ಪಿತ್ತು. ಕಾಗದದಲ್ಲಿದ್ದ ಗಡುವಿಗೆ ಇಪ್ಪತ್ತು ದಿನ ಉಳಿದಿತ್ತು. ಸಹಿ ಬೀಳಲಿ, ಕೆಲಸ ಸಿಗಲಿ, ಉಳಿದದ್ದನ್ನು ಆ ಕಂಪನಿಯವರು ಕಲಿಸಿಕೊಳ್ಳಲಿ ಎಂದುಕೊಂಡೆ. ಚಿಂತಾಮಣಿಯ ಮನೆಯಲ್ಲಿ ಮಾವನವರೂ ಅದನ್ನೇ ಅಂದರು. ಬಾಮೈದ ನೆಲದ ಮೇಲೆ ಕೂತಿದ್ದ.

"ನಾನು ಪರೀಕ್ಷೆಗೆ ಕೂರಲ್ಲ," ಅಂದ.

ಹುಚ್ಚು ಹಿಡೀತಾ ಎಂದರು ಮಾವನವರು. ಊರಿಗೆಲ್ಲ ಹೇಳಿಯಾಗಿದೆ, ಕಾಗದ ಬಂದದ್ದು ಬ್ಯಾಂಕಿನವರಿಗೂ ಗೊತ್ತು, ನಾಳೆ ತಲೆ ಎತ್ತಿ ಹೇಗೆ ಓಡಾಡಲಿ ಎಂದು ಕೂಗಾಡಿದರು. ಅವರಿಗೆ ವಿಮಾನ ಬೀಳುವುದಕ್ಕಿಂತ ಕಾರ್ಡು ಸುಳ್ಳಾಗುವುದೇ ದೊಡ್ಡದು. ಹುಡುಗ ನನ್ನ ಕಡೆ ತಿರುಗಿ ಹೇಳಿದ.

"ಭಾವ, ಪಾಸಾಗ್ತೀನಿ. ಅದು ನನಗೂ ಗೊತ್ತು. ಅಲೀಪುರದಲ್ಲಿ ನಾನು ಯಾವ ಸೌಟು ಎಳೆದೆ ನೋಡಿದ್ರಲ್ಲ. ನಿಮ್ಮ ಮಕ್ಕಳನ್ನ ಹಿಂದೆ ಕೂರಿಸ್ತೀರಾ?"

ನಾನು ಇಲ್ಲ ಅಂದೆ. ಅಷ್ಟು ಬೇಗ ನಾನು ಯಾವ ವ್ಯಾಪಾರದಲ್ಲೂ ಉತ್ತರ ಕೊಟ್ಟವನಲ್ಲ. ಒಳಗಿನಿಂದ ನಮ್ಮತ್ತೆ ಬಂದು, ಅವರ ಮನೆಮಾತು ತೆಲುಗು, ಅಬ್ಬಾಯಿ ಚೆಪ್ಪಿಂದಿ ನಿಜಮೇ, ಹುಡುಗ ಹೇಳಿದ್ದು ನಿಜವೇ, ಎಂದು ಕತ್ತಿನ ಸರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಆ ಮನೆಯಲ್ಲಿ ಲೆಕ್ಕ ಬಲ್ಲವರು ಅವರೊಬ್ಬರೇ ಎಂದು ನನಗೆ ಅವತ್ತು ತಿಳಿಯಿತು.

ಪಾಠಕ್ಕೆ ಕೊಡಲು ನಾನು ಸೈಟಿನ ಅರ್ಧ ಆಗಲೇ ಮಾರಿದ್ದೆ. ಉಳಿದರ್ಧವನ್ನೂ ಮೊದಲರ್ಧ ಕೊಂಡವನಿಗೇ ಕೊಟ್ಟೆ. ಅರ್ಧ ಸೈಟು ಇಟ್ಟುಕೊಂಡವನಿಗೆ ಯಾರೂ ಒಳ್ಳೆಯ ಬೆಲೆ ಕೊಡುವುದಿಲ್ಲ, ಅವನೂ ಕೊಡಲಿಲ್ಲ. ಸಾಹೇಬರು ಹೇಳಿದ ಉತ್ತರದ ಕಡೆಯ ಒಂದು ಶಾಲೆಗೆ ಬರೆದೆವು. ಅಲ್ಲಿ ಜಾಗ ಸಿಗುವ ಹೊತ್ತಿಗೆ ಗಡುವು ಮುಗಿದು ಆ ಕೆಲಸ ಕೈತಪ್ಪಿತು. ಕಾಯುವ ಅಷ್ಟೂ ಭಾನುವಾರ ಬಾಮೈದ ಅಲೀಪುರದ ಪಡಸಾಲೆಯಲ್ಲಿ ಇಟ್ಟಿಗೆ ತುಳಿದ. ಸಾಹೇಬರು ಒಂದು ಕಾಸು ಮುಟ್ಟಲಿಲ್ಲ. ನಾನು ಒಂದು ರೇಷ್ಮೆ ಸೀರೆ ತೆಗೆದುಕೊಂಡು ಹೋದರೆ, ನಿಮ್ಮ ಹತ್ತಿರ ಏನಾದರೂ ತೆಗೆದುಕೊಂಡರೆ ನೀವು ಅದಕ್ಕೂ ಲೆಕ್ಕ ಕೇಳುತ್ತೀರಿ ಎಂದು ವಾಪಸ್ಸು ಕಳಿಸಿದರು. ಅವರಿಗೆ ನನ್ನ ಮೇಲೆ ಗೌರವ ಹುಟ್ಟಲೇ ಇಲ್ಲ. ಹುಟ್ಟಬೇಕಾದ ಕಾರಣವೂ ಇರಲಿಲ್ಲ.

ಆ ಶಾಲೆಯಲ್ಲಿ ನಾನು ಒಂದು ಪೈಸೆ ಇಳಿಸಿ ಅನ್ನಲಿಲ್ಲ. ಎಷ್ಟು ಸಲ ನೆಲ ಬಿಡಿಸುತ್ತೀರಿ, ಅದರಲ್ಲಿ ಎಷ್ಟು ಸಲ ಏರುವಾಗಲೇ ಎಂಜಿನ್ನು ನಿಲ್ಲಿಸುತ್ತೀರಿ ಎಂದು ಮಾತ್ರ ಬರೆಸಿಕೊಂಡೆ. ಪರೀಕ್ಷೆಯ ದಿನ ಪಕ್ಕದಲ್ಲಿ ಕೂತವರು ಹೇಳದೆ ಕೇಳದೆ ಏರುವಾಗ ಬಲಗಡೆಯ ಹಿಡಿ ಎಳೆದರಂತೆ. ಎಡಗಾಲು ತನ್ನಷ್ಟಕ್ಕೆ ಒತ್ತಿತ್ತು ಭಾವ, ನಾನು ಯೋಚನೇನೇ ಮಾಡಲಿಲ್ಲ ಎಂದು ಫೋನಿನಲ್ಲಿ ಹೇಳಿದ. ಕೆಲಸ ಸಿಗಲು ಮತ್ತೆ ಒಂಬತ್ತು ತಿಂಗಳು ಹಿಡಿಯಿತು, ಅದೂ ಮೊದಲು ಸಾಮಾನು ಸಾಗಿಸುವ ವಿಮಾನದಲ್ಲಿ. ಮಾವನವರು ಅದನ್ನು ಯಾರಿಗೂ ಹೇಳಲಿಲ್ಲ.

ಈಗ ನಿಮಗೆ ಹೇಳುತ್ತೇನೆ. ಮಕ್ಕಳಿಗೆ ಡ್ರೈವಿಂಗೋ, ನರ್ಸಿಂಗೋ, ವೆಲ್ಡಿಂಗೋ, ಏನು ಕಲಿಸಲು ಹೋದರೂ ಎಷ್ಟು ತಿಂಗಳು ಎಂದು ಕೇಳಬೇಡಿ. ಕಷ್ಟದ ಕೆಲಸವನ್ನು ಅವನ ಕೈಯಿಂದ ಎಷ್ಟು ಸಲ ಮಾಡಿಸುತ್ತೀರಿ ಎಂದು ಕೇಳಿ, ಆ ಸಂಖ್ಯೆಯನ್ನೇ ಬರೆಸಿಕೊಳ್ಳಿ. ಪಾಠದ ಬೆಲೆಗೆ ಚೌಕಾಸಿ ಮಾಡಬೇಡಿ. ಮಾಡಲೇಬೇಕೆಂದು ಬಾಯಿ ತುರಿಸಿದರೆ ಊಟ, ರೂಮು, ಕಂತು, ಇವುಗಳಿಗೆ ಮಾಡಿ. ಅಲ್ಲಿ ಅವರು ಕಡಿಮೆ ಮಾಡಿದರೆ ನಿಮ್ಮ ಹುಡುಗ ಒಂದು ಹೊತ್ತು ತೆಳ್ಳನೆ ಸಾರು ಉಣ್ಣುತ್ತಾನೆ ಅಷ್ಟೇ. ದುಡ್ಡನ್ನು ಒಂದೇ ಸಲ ಕೊಡಬೇಡಿ, ಮಾಡಿಸಿದಷ್ಟಕ್ಕೆ ಕೊಡಿ. ಬೆಲೆ ಇಳಿಸಿದರೆ ಏನನ್ನು ಉಳಿಸಿಕೊಂಡು ಇಳಿಸಿದಿರಿ ಎಂದು ಅಲ್ಲೇ ಕೇಳಿ. ಸಹಿ ಹಾಕುವವರು ನಮ್ಮವರೇ ಎಂದು ಯಾರಾದರೂ ದನಿ ತಗ್ಗಿಸಿ ಹೇಳಿದರೆ ಎದ್ದು ಬನ್ನಿ, ಅವರು ಬಾಗಿಲಲ್ಲಿ ಕರೆದರೂ ತಿರುಗಬೇಡಿ. ದುಡ್ಡು ಕೊಡುವ ಮೊದಲು, ಮಾರಲು ತನ್ನ ಹತ್ತಿರ ಏನೂ ಇಲ್ಲದ ಹಳೆಯ ಕಸುಬುದಾರನೊಬ್ಬನನ್ನು ಹುಡುಕಿ ಹೋಗಿ ಕೇಳಿ. ಅವನು ನಿಮ್ಮನ್ನು ಬಯ್ಯುತ್ತಾನೆ. ಬಯ್ಯಿಸಿಕೊಳ್ಳಿ.